ಬೇಗ ಇಳಿಯೋಕಾಗೋ ಸೈಕಲ್ಲು

ತಿಪಟೂರಿನ ಸೈಕಲ್ ಅಂಗಡಿಯ ಹುಡುಗ ನಮ್ಮನ್ನು ಮೂರು ಪ್ರಶ್ನೆ ಕೇಳಿದ. ಹೆಂಗೆ ಓಡಿಸ್ತೀರ ಸಾರ್? ಓಡಿಸೋರು ಎಂಥೋರು? ದುಡ್ಡು ಎಷ್ಟರ ಒಳಗಿರಬೇಕು? ಪಾಪ, ಕೊಂಕಿನಿಂದ ಕೇಳಲಿಲ್ಲ. ಗಿರಾಕಿ ಬಂದರೆ ಹೀಗೆ ಕೇಳು ಅಂತ ಧಣಿ ಹೇಳಿಕೊಟ್ಟಿರಬೇಕು. ಆದರೆ ನಾವು ಉತ್ತರ ಹೇಳದೆ ನಿಂತುಬಿಟ್ಟೆವು. ಸೈಕಲ್ಲಿನ ಮಾತು ಹಾಗಿರಲಿ, ಯಾವ ವಿಷಯದಲ್ಲೂ ನಮಗೆ ಏನು ಬೇಕು ಅಂತ ಯಾರೂ ಹೀಗೆ ಸಾಲಾಗಿ ಕೇಳಿರಲಿಲ್ಲ. ನಮ್ಮನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಯಾರ ಮಗನ್ಲಾ ನೀನು?

ನಾವು ಅಂದರೆ ಸಂಪಿಗೆ ಸುತ್ತಿನ ಒಂದು ಹಟ್ಟಿಯವರು. ಹಟ್ಟಿಯ ಹೆಸರು ಬೇಡ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ಕಣ್ಣು ಹಾಯಿಸಿದಷ್ಟೂ ತೆಂಗು. ತೋಟ ಅವರದು. ಕಾಯಿ ಕೀಳೋದು, ಹೊರೋದು, ಸುಲಿಯೋದು ನಮ್ಮದು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮಾಡಿದವರು ನಾವೇ ಮೊದಲು. ಕೈಗೆ ನಾಕು ಕಾಸು ಬಂದಮೇಲೆ, 2024ರ ಜೂನಿನಲ್ಲಿ, ಅಕ್ಕನ ಮಗಳಿಗೆ ಸೈಕಲ್ಲು ಕೊಡಿಸೋಕೆ ಹೋಗಿದ್ದೆವು. ಹುಡುಗಿ ಎಂಟನೇ ಕ್ಲಾಸಿಗೆ ಬಂದಿದ್ದಳು.

ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಬಣ್ಣಗಿಣ್ಣ ಏನಾರ ಇರ್ಲಿ ಕಣ್ಲಾ. ಬೇಗ ಇಳಿಯೋಕಾಗೋ ಅಂಥದ್ದು ತಕ್ಕೊಡು."

ಈ ಮಾತನ್ನು ಅಂಗಡಿಯ ಹುಡುಗನಿಗೆ ಹೇಳಿದ್ದರೆ ಅವನು ಬ್ರೇಕಿನ ವಿಷಯ ಅಂದುಕೊಳ್ಳುತ್ತಿದ್ದ. ಅದು ಬ್ರೇಕಿನ ವಿಷಯ ಅಲ್ಲ. ಅಪ್ಪನ ಸೈಕಲ್ಲಿನ ಕತೆ ಗೊತ್ತಿಲ್ಲದವರಿಗೆ ಅಕ್ಕನ ಮಾತು ತಿಳಿಯೋದಿಲ್ಲ.

ಅಪ್ಪನದು ಕರೀ ಅಟ್ಲಾಸ್. 24 ಇಂಚಿನ ಫ್ರೇಮು, ಡಬಲ್ ಕಂಬಿ, 28 ಇಂಚಿನ ಗಾಲಿ, ಸರಳಿನ ಬ್ರೇಕು. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಕಂಪನಿ ಅದು. ಸಾಹಿಬಾಬಾದಿನಲ್ಲಿ ಉಳಿದಿದ್ದ ದೊಡ್ಡ ಕಾರ್ಖಾನೆ 2020ರ ಜೂನ್ 3ರಂದು ಬಾಗಿಲು ಹಾಕಿತು. ಅವತ್ತು ವಿಶ್ವ ಸೈಕಲ್ ದಿನ. ಪೇಪರಿನಲ್ಲಿ ಓದಿ ಹೇಳಿದರೆ ಅಪ್ಪ, "ಅವರದು ನಿಂತ್ರೆ ನಿಲ್ಲಲಿ, ನಮ್ದು ಇನ್ನೂ ಓಡ್ತೈತಲ್ಲ" ಅಂದ.

ಓಡೋದೇನೋ ಓಡುತ್ತಿತ್ತು. ಆದರೆ ಅಪ್ಪನ ಎತ್ತರ ಐದಡಿ ಎರಡಂಗುಲ. ಅಷ್ಟು ಎತ್ತರದವರಿಗೆ 20 ಇಂಚಿನ ಫ್ರೇಮೇ ಸಾಕು. ಅಪ್ಪ ಸೀಟಿನ ಮೇಲೆ ಕೂತರೆ ಪೆಡ್ಲು ಕೆಳಗೆ ಹೋದಾಗ ಕಾಲು ಎಟುಕುತ್ತಿರಲಿಲ್ಲ. ಸೊಂಟ ಆ ಕಡೆ ಈ ಕಡೆ ಹೊರಳಿಸಿ ತುಳಿಯುತ್ತಿದ್ದ. ರಾತ್ರಿ ಮಲಗಿದಾಗ ಅವ್ವ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಯಾಕಪ್ಪ ಇಷ್ಟು ದೊಡ್ಡದು ತಗೊಂಡೆ ಅಂದರೆ, "ನಾನೆಲ್ಲಿ ತಕ್ಕೊಂಡೆ? ಕೊಟ್ರು" ಅನ್ನೋನು. ಕೊಟ್ಟವರು ಆರಡಿ ಆಳು, ತೋಟದ ಯಜಮಾನರು. ಮನೆಗೆ ಮೋಟರ್ ಬೈಕು ಬಂದಮೇಲೆ ಸೈಕಲ್ಲು ಅವರಿಗೆ ಬೇಡವಾಯಿತು. ಪುಕ್ಕಟೆ ಅಲ್ಲ. ಒಂದು ಅಟ್ಟದ ಕಾಯಿ ಸುಲಿದ ಕೂಲಿ ಪೂರ್ತಿ ಮುರಿದುಕೊಂಡರು.

ಅಟ್ಟದ ಕಾಯಿ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇವೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುತ್ತಾರೆ. ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಇಳಿಸಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಹಾಕಿ ಸುಲಿಯಬೇಕು. ಅದರ ದೂಳು ಎದೆಗೆ ಇಳಿದರೆ ಮೂರು ದಿನ ಕೆಮ್ಮು. ಹಾಗೆ ಸುಲಿದ ಒಂದು ಅಟ್ಟ, ಅಪ್ಪನ ಒಂದು ಸೈಕಲ್ಲು. ಅಂಗಡಿಯ ಹುಡುಗ ದುಡ್ಡು ಎಷ್ಟರ ಒಳಗಿರಬೇಕು ಅಂದದ್ದಕ್ಕೆ ನಮಗೆ ನೆನಪಾದದ್ದು ಇದು.

ಇನ್ನು ಓಡಿಸೋ ರೀತಿ. ಹಟ್ಟಿಯಿಂದ ತೋಟಕ್ಕೆ ಹೋಗಬೇಕಾದರೆ ಊರೊಳಗಿನ ಒಂದು ಬೀದಿ ದಾಟಬೇಕು. ಆ ಬೀದಿಯ ಮೊದಲ ಮನೆ ಬರುತ್ತಲೇ ಅಪ್ಪ ಇಳಿಯುತ್ತಿದ್ದ. ಕಟ್ಟೆ ಮೇಲೆ ಜನ ಇದ್ದರೂ ಇಳಿಯುತ್ತಿದ್ದ, ಇಲ್ಲದಿದ್ದರೂ ಇಳಿಯುತ್ತಿದ್ದ. ಹ್ಯಾಂಡ್ಲು ಹಿಡಿದು, ತಲೆ ತಗ್ಗಿಸಿ, ತಳ್ಳಿಕೊಂಡು ಬೀದಿ ದಾಟಿ ಆಮೇಲೆ ಹತ್ತುತ್ತಿದ್ದ. ತಾತನ ಕಾಲಕ್ಕೆ ಆ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ. ಅಪ್ಪನ ಕಾಲಕ್ಕೆ ಸೈಕಲ್ಲು ಕೈಯಲ್ಲಿ. ಪ್ರಗತಿ ಅಂದರೆ ಅಷ್ಟು.

1950ರ ಜನವರಿ 26ರಿಂದ ಜಾರಿಯಲ್ಲಿರುವ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟದ ಜೊತೆಗೆ ರಸ್ತೆಯನ್ನೂ ಹೆಸರಿಟ್ಟು ಹೇಳಿದೆ. ಜಾತಿ ನೋಡಿ ಯಾರನ್ನೂ ತಡೆಯೋ ಹಾಗಿಲ್ಲ ಅಂತ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ಅಪ್ಪನಿಗೆ ಓದೋಕೆ ಬರುತ್ತಿರಲಿಲ್ಲ. ಓದೋಕೆ ಬರುತ್ತಿದ್ದವರು ಕಟ್ಟೆ ಮೇಲೆ ಕೂತಿದ್ದರು.

ಎರಡನೇ ಸೈಕಲ್ಲು ಸರ್ಕಾರದ್ದು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ಲು ಕೊಡೋದು ಶುರುಮಾಡಿತು. ನಮ್ಮ ಕೈಗೆ ಬಂದದ್ದು 2011ರಲ್ಲಿ. ಆಗಲೂ ಯಾರೂ ಏನೂ ಕೇಳಲಿಲ್ಲ. ಹುಡುಗರಿಗೆ ಕಂಬಿ ಇರೋದು, ಹುಡುಗಿಯರಿಗೆ ಕಂಬಿ ಇಲ್ಲದ್ದು. ಕುಳ್ಳನಿಗೂ ಉದ್ದನೆಯವನಿಗೂ ಒಂದೇ ಅಳತೆ. ಆದರೆ ಅದರಲ್ಲಿ ಒಂದು ನ್ಯಾಯ ಇತ್ತು. ಕಟ್ಟೆ ಮೇಲಿನವರ ಮಗನಿಗೂ ಅದೇ, ನಮಗೂ ಅದೇ. ಸ್ಕೂಲಿನ ಗೋಡೆಗೆ ಸಾಲಾಗಿ ನಿಲ್ಲಿಸಿದರೆ ಯಾವುದು ಯಾರದು ಅಂತ ಗುರುತು ಸಿಗುತ್ತಿರಲಿಲ್ಲ. ನಮ್ಮದಕ್ಕೆ ನಾವು ಹ್ಯಾಂಡ್ಲಿಗೆ ಕೆಂಪು ದಾರ ಕಟ್ಟಿಕೊಂಡಿದ್ದೆವು.

ಮೊದಲ ದಿನ ಹಟ್ಟಿಯ ಏಳು ಹುಡುಗರು ಒಟ್ಟಿಗೆ ಸ್ಕೂಲು ಬಿಟ್ಟು ಬಂದೆವು. ಆ ಬೀದಿ ಬಂತು. ಕಟ್ಟೆಯಿಂದ ಒಬ್ಬರು ಕೂಗಿದರು: "ಇಳೀರ್ಲಾ!" ನಾವು ಇಳಿಯಲಿಲ್ಲ. ಏಳು ಸೈಕಲ್ಲು ಬೀದಿ ಪೂರ್ತಿ ಓಡಿದವು.

ಇದನ್ನು ಈಗ ಬರೆಯುವಾಗ ನಾವು ದೊಡ್ಡ ಧೀರರ ಹಾಗೆ ಬರೆಯಬಹುದು. ಪದ್ಯದಲ್ಲಿ ಹಾಗೆ ಬರೆದೂ ಇದ್ದೇವೆ. ನಿಜ ಹೇಳಬೇಕಾದರೆ ನಮಗೆ ಇಳಿಯೋಕೆ ಬರುತ್ತಿರಲಿಲ್ಲ. ಸೈಕಲ್ಲು ದೊಡ್ಡದು, ನಾವು ಗಿಡ್ಡ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಇಳಿಯಬೇಕಾದರೆ ಒಂದು ಕಲ್ಲೋ ದಿಣ್ಣೆಯೋ ಸಿಗಬೇಕಿತ್ತು. ಆ ಬೀದಿಯಲ್ಲಿ ಸಿಗಲಿಲ್ಲ. ಅಳತೆ ತಪ್ಪಿದ ಸೈಕಲ್ಲು ನಮ್ಮ ಕೈಲಿ ಮೊದಲನೇ ಬಂಡಾಯ ಮಾಡಿಸಿತು.

ಆ ಸುಗ್ಗಿಯಲ್ಲಿ ಅಪ್ಪನನ್ನು ಮೂರು ತೋಟದವರು ಕೆಲಸಕ್ಕೆ ಕರೆಯಲಿಲ್ಲ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅವ್ವ ಸಂಘದ ಸಾಲ ತಂದು ರಾಗಿ ಕೊಂಡಳು. ಒಂದು ಸಂಜೆ ಅಪ್ಪ ನಮ್ಮ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕೇಳಿದ:

"ನಿಂಗೆ ಇಳಿಯೋಕೆ ಬರಲ್ವೇನ್ಲಾ?"

"ಇಲ್ಲಪ್ಪ."

ಅಪ್ಪ ಪೆಡ್ಲನ್ನು ಹಿಂದಕ್ಕೆ ಒಂದು ಸುತ್ತು ತಿರುಗಿಸಿ ಚೈನು ನೋಡಿದ. "ಸರಿ ಬಿಡು. ಕಲೀಬ್ಯಾಡ."

ಅಷ್ಟೇ ಅಂದದ್ದು. ಅಪ್ಪ ಮಾತ್ರ ಆಮೇಲೂ ಇಳಿದೇ ಹೋದ. ಇವತ್ತಿಗೂ ಇಳಿಯುತ್ತಾನೆ. ಮಂಡಿ ನೋವು ಕಣ್ಲಾ, ಹತ್ತಿರ ಬಂದಾಗ ಇಳಿಯೋದೇ ವಾಸಿ ಅನ್ನುತ್ತಾನೆ. ನಾವು ವಾದ ಮಾಡೋದಿಲ್ಲ. ಮೂರು ತೋಟ ಕಳಕೊಂಡವನು ಅವನು, ನಾವಲ್ಲ.

ಸರ್ಕಾರದ ಸೈಕಲ್ಲು ಕೊರೊನಾ ಬಂದ 2020-21ರಲ್ಲಿ ನಿಂತಿತು. ಅಕ್ಕನ ಮಗಳು ಎಂಟಕ್ಕೆ ಬಂದಾಗ ಬರಲಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು, ಒಳ್ಳೆಯದೇ. ಆದರೆ ಬಸ್ಸು ನಿಲ್ಲೋದು ದೊಡ್ಡ ರಸ್ತೆಯಲ್ಲಿ. ಹಟ್ಟಿಯಿಂದ ಅಲ್ಲಿಗೆ ಹೋಗೋದು ಕಾಲ ಮೇಲೆ. ಅದಕ್ಕೇ ಅಂಗಡಿಗೆ ಬಂದದ್ದು. ಅಕ್ಕನಿಗೆ ಸೈಕಲ್ಲು ಬೇಕಿತ್ತು. ಬೀದಿಯ ಭಯವೂ ಇತ್ತು. ಹೆಣ್ಣುಮಗು ಬೇರೆ. ಅದಕ್ಕೆ ಬೇಗ ಇಳಿಯೋಕಾಗೋ ಸೈಕಲ್ಲು.

ಅಂಗಡಿಯಲ್ಲಿ ಒಂದೊಂದಾಗಿ ನೋಡಿದೆವು. ಮುಂದೆಯೇ ನಿಲ್ಲಿಸಿದ್ದದ್ದು ಗೇರಿನ ಸೈಕಲ್ಲು. ದಪ್ಪ ಟೈರು, ಹೊಳೆಯೋ ಬಣ್ಣ, ಮಡ್‌ಗಾರ್ಡು ಇಲ್ಲ, ಕ್ಯಾರಿಯರ್ ಇಲ್ಲ. ನಮ್ಮ ಸೀಮೆಯಲ್ಲಿ ಗುಡ್ಡ ಕಡಿಮೆ, ಕೆರೆ ಏರಿ ಹತ್ತೋಕೆ ಗೇರು ಬೇಕಿಲ್ಲ. ಗೇರು ಕೆಟ್ಟರೆ ಸರಿಮಾಡೋ ಕೈ ಹಳ್ಳಿಯಲ್ಲಿ ಸಿಗೋದು ಕಷ್ಟ. ದಪ್ಪ ಟೈರು ಮರಳಿನಲ್ಲಿ ಹೂತುಕೊಳ್ಳೋದಿಲ್ಲ ನಿಜ, ಆದರೆ ಟಾರು ರಸ್ತೆಯಲ್ಲಿ ಕಾಲು ಎಳೆಯುತ್ತದೆ. ಮಡ್‌ಗಾರ್ಡು ಇಲ್ಲದಿದ್ದರೆ ಮಳೆಗಾಲದಲ್ಲಿ ಯೂನಿಫಾರಂ ಬೆನ್ನ ಮೇಲೆ ಕೆಸರಿನ ಗೆರೆ. ಕಬ್ಬಿಣದ ಫ್ರೇಮು ಮುರಿದರೆ ವೆಲ್ಡಿಂಗ್ ಅಂಗಡಿಯಲ್ಲಿ ಕೂಡಿಸಬಹುದು. ಅಲ್ಯೂಮಿನಿಯಂ ಹಗುರ, ಆದರೆ ಅದನ್ನು ಕೂಡಿಸೋಕೆ ಎಲ್ಲರಿಗೂ ಬರೋದಿಲ್ಲ. ಇಷ್ಟೆಲ್ಲ ನಮಗೆ ಗೊತ್ತಿತ್ತು. ಸೈಕಲ್ಲು ಆರಿಸಿಕೊಂಡವರಲ್ಲ ನಾವು, ಸಿಕ್ಕಿದ್ದನ್ನು ರಿಪೇರಿ ಮಾಡಿಕೊಂಡವರು.

ಆಮೇಲೆ ಹುಡುಗ ಕಂಬಿ ಇಲ್ಲದ, ತಗ್ಗಿನ ಸೈಕಲ್ಲೊಂದು ತಂದ. "ಹೆಣ್ಮಕ್ಕಳಿಗೆ ಇದೇ ಸಾರ್. ಹತ್ತೋದು ಇಳಿಯೋದು ಸಲೀಸು." ಅಕ್ಕ ಹೇಳಿದ್ದ ಸೈಕಲ್ಲು ಅದೇ. ದರವೂ ನಮ್ಮ ಜೇಬಿಗೆ ಒಗ್ಗುತ್ತಿತ್ತು.

ಆಗ ನಮಗೆ ಪುದುಕೋಟೆಯ ಹೆಂಗಸರು ನೆನಪಾದರು. 1991ರಲ್ಲಿ ತಮಿಳುನಾಡಿನ ಆ ಜಿಲ್ಲೆಯಲ್ಲಿ ಅರಿವೊಳಿ ಅಕ್ಷರ ಚಳವಳಿ ನಡೆದಾಗ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅಕ್ಷರದ ಜೊತೆ ಸೈಕಲ್ಲನ್ನೂ ಸೇರಿಸಿದರು. ಕೂಲಿಯವರು, ಕಲ್ಲುಕ್ವಾರಿಯವರು, ಅಂಗನವಾಡಿಯವರು ಸಾವಿರ ಸಾವಿರ ಜನ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಬರೆದಿದ್ದಾರೆ. ಲೇಡೀಸ್ ಸೈಕಲ್ಲು ಸಾಲದೆ ಹೋದಾಗ ಅವರು ಗಂಡಸರ ಸೈಕಲ್ಲೇ ತಗೊಂಡರಂತೆ. ಕೆಲವರು ಬೇಕೆಂದೇ ತಗೊಂಡರಂತೆ. ಕಂಬಿ ಮೇಲೆ ಮಗು ಕೂರಿಸಬಹುದಲ್ಲ, ಅದಕ್ಕೆ. ಯಾವುದು ಹೆಣ್ಣಿನದು ಯಾವುದು ಗಂಡಿನದು ಅಂತ ಅಂಗಡಿ ಹೇಳಲಿಲ್ಲ, ಹೊರಬೇಕಾದ ಹೊರೆ ಹೇಳಿತು.

ನಾವು ಹುಡುಗಿಯನ್ನು ಕೇಳಿದೆವು, ಅದೇ ಮೂರು ಪ್ರಶ್ನೆ, ನಮ್ಮ ಮಾತಿನಲ್ಲಿ. ನಿಂಗೆ ಯಾವ್ದು ಬೇಕವ್ವ? ಏನು ಹೊರ್ತೀಯ? ಎಲ್ಲೆಲ್ಲಿ ಓಡಿಸ್ತೀಯ?

ಅವಳು ಯೋಚನೆ ಮಾಡಿಕೊಂಡೇ ಬಂದಿದ್ದಳು. "ಕ್ಯಾರಿಯರ್ ಬೇಕು ಮಾವ. ಪಕ್ಕದ್ಮನೆಯವಳಿಗೆ ಸೈಕಲ್ಲಿಲ್ಲ, ಕೂರಿಸ್ಕೊಂಡು ಹೋಗ್ಬೇಕು. ಬೆಲ್ಲು ಜೋರಾಗಿರ್ಬೇಕು. ಕಾಲು ನೆಲಕ್ಕೆ ಸಿಗ್ಬೇಕು."

"ನಿಮ್ಮವ್ವ ಹೇಳಿದ್ದಕ್ಕಾ, ಕಾಲು ಸಿಗ್ಬೇಕು ಅಂದಿದ್ದು?"

"ಊಹೂಂ. ಸಿಗ್ದಿದ್ರೆ ಬಿದ್ದೋಯ್ತೀನಲ್ಲ ಮಾವ."

ನಾವು ನಕ್ಕುಬಿಟ್ಟೆವು. ಹದಿಮೂರು ವರ್ಷದ ಹುಡುಗಿ ಸರಿಯಾದ ಮಾತು ಹೇಳಿದ್ದಳು. ಕಾಲು ನೆಲಕ್ಕೆ ಸಿಗದ ಸೈಕಲ್ಲಿನಲ್ಲಿ ನಾವು ಇಳಿಯದೆ ಹೋದದ್ದು ಆ ಒಂದು ದಿನಕ್ಕೆ ಸರಿ. ದಿನಾ ಹಾಗೆ ಓಡಿಸೋಕಾಗೋದಿಲ್ಲ. ಅಪ್ಪನ ಬೆನ್ನು ಹೋದದ್ದು ಹಾಗೇ. ತನಗೆ ಬೇಕಾದಾಗ ನಿಲ್ಲಿಸೋಕೆ ಬರಬೇಕು, ತನಗೆ ಬೇಕಾದಾಗ ಹೊರಡೋಕೆ ಬರಬೇಕು.

ಪೆಡ್ಲು ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೀಟಾಗಬೇಕು, ಅದು ಸೀಟಿನ ಅಳತೆ. ಹಾಗೆ ಕೂರಿಸಿ, ತುದಿಗಾಲು ನೆಲಕ್ಕೆ ಸಿಗೋ ಹಾಗೆ ನೋಡಿ, ಕಡುನೀಲಿಯದೊಂದನ್ನು ಅವಳೇ ಆರಿಸಿದಳು. ಕಂಬಿ ಇತ್ತು, ಆದರೆ ಇಳಿಜಾರಾಗಿತ್ತು. ಗಟ್ಟಿ ಕ್ಯಾರಿಯರ್ ಹಾಕಿಸಿದೆವು. ನಾವು ಅಂದುಕೊಂಡದ್ದಕ್ಕಿಂತ ಎಂಟುನೂರು ಜಾಸ್ತಿ ಆಯಿತು. ಕೊಬ್ಬರಿ ಇಳಿಸಿ ಖಾಲಿ ವಾಪಸಾಗುತ್ತಿದ್ದ ಲಗೇಜ್ ಆಟೋದಲ್ಲಿ ಸೈಕಲ್ಲು ಹಾಕಿಕೊಂಡು ಬಂದೆವು.

ಅಕ್ಕ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು. "ಇದರಿಂದ ಇಳಿಯೋಕಾಯ್ತದೇನ್ಲಾ?"

"ಆಯ್ತದೆ ಕಣಕ್ಕ. ಅವಳಿಗೆ ಬೇಕಾದಾಗ."

ಅಕ್ಕ ಏನೂ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ಮಾತ್ರ ನೀರು ತರೋ ನೆಪದಲ್ಲಿ ಕೊಡ ಹಿಡಿದು ಬೀದಿಯ ತಿರುವಿನ ತನಕ ಬಂದಳು. ನಾವೂ ಹೋದೆವು. ಹುಡುಗಿ ಹೊರಟಳು, ಹಿಂದೆ ಪಕ್ಕದ ಮನೆಯವಳು. ಮೊದಲ ಮನೆ ದಾಟಿತು. ಎರಡನೆಯದು ದಾಟಿತು. ಬೀದಿಯ ನಡುವೆ, ಕಟ್ಟೆಗೆ ಎದುರಾಗಿ, ಸೈಕಲ್ಲು ನಿಂತಿತು. ಅಕ್ಕನ ಕೈಲಿದ್ದ ಕೊಡ ಅಲ್ಲಾಡಿತು. ನಮ್ಮ ಎದೆಯೂ ಧಸಕ್ಕೆಂದಿತು.

ಒಂದು ಮೇಕೆಮರಿ ಅಡ್ಡ ಬಂದಿತ್ತು. ಹುಡುಗಿ ಒಂದು ಕಾಲು ಕೆಳಗಿಟ್ಟು, ಅದು ದಾಟೋ ತನಕ ಕಾದಳು. ಕಟ್ಟೆಯಿಂದ ಒಬ್ಬರು ಕೇಳಿದ್ದು ನಮಗೂ ಕೇಳಿಸಿತು: "ಯಾರ ಮಗಳಮ್ಮಿ ನೀನು?"

"ಸ್ಕೂಲಿಗೆ ಟೈಮಾಯ್ತು" ಅಂದಳು. ಬೆಲ್ಲು ಹೊಡೆದು ಹೊರಟೇಬಿಟ್ಟಳು.

ಸುಗ್ಗಿ ಬರಬೇಕು. ಯಾವ ತೋಟದವರು ಯಾರನ್ನು ಕರೆಯುತ್ತಾರೆ, ಯಾರನ್ನು ಬಿಡುತ್ತಾರೆ ಆಗ ಗೊತ್ತಾಗುತ್ತದೆ. ಅದಕ್ಕೆ ನಾವು ತಯಾರಿದ್ದೇವೆ, ಈ ಸಲ ಮನೆಯಲ್ಲಿ ಇನ್ನೊಂದು ದುಡಿಮೆ ಇದೆ. ಗೆಳೆಯರೇ, ನೀವೂ ಮಕ್ಕಳಿಗೆ ಸೈಕಲ್ಲು ಕೊಡಿಸಿ. ಕಾಲಿನ ಅಳತೆ ನೋಡಿ, ಹೊರೆ ನೋಡಿ, ಜೇಬು ನೋಡಿ. ಅಂಗಡಿಯವರು ಒಂದು ರೌಂಡು ಓಡಿಸಿ ನೋಡಿ ಅಂತಾರೆ. ಆ ರೌಂಡನ್ನು ನಿಮ್ಮ ನಿಮ್ಮ ಊರಿನ ಆ ಬೀದಿಯಲ್ಲೇ ಓಡಿಸಿ ನೋಡಿ.