ಮಾರ್ಚ್ ಬಾಕಿ

ಮಾರ್ಚ್ 5, 2024, ಮಂಗಳವಾರ
ಪೀಣ್ಯ

ಬೆಳಗಿನ ಪೂಜೆಯಲ್ಲಿ ಮತ್ತಾಯ 18. ತಪಸ್ಸುಕಾಲದ ಮೂರನೇ ವಾರದ ಮಂಗಳವಾರ ಇದೇ ಪಾಠ. ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಕೇಳುತ್ತಾನೆ. ಯೇಸುಸ್ವಾಮಿ ಏಳನ್ನು ಎಪ್ಪತ್ತರಿಂದ ಗುಣಿಸಿಬಿಡುತ್ತಾರೆ. ಆಮೇಲೆ ಸಾಲದ ಕಥೆ. ಹತ್ತು ಸಾವಿರ ತಲಾಂತು ಮನ್ನಾ ಆದವನು ಹೊರಗೆ ಬಂದವನೇ, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ, ತಲಾಂತಿಗೆ ಸುಮಾರು 6,000 ದಿನಾರಿ. ಅಲ್ಲಿಗೆ ಆರು ಕೋಟಿ ದಿನದ ಕೂಲಿ. ಪೂಜೆಯ ನಡುವೆಯೂ ಲೆಕ್ಕ. ವರ್ಕ್‌ಶಾಪ್ ನಡೆಸುವವನ ತಲೆ, ಏನು ಮಾಡೋದು.

ನಾನು ಆ ಕಥೆಯ ನಡುವೆ ಸಿಕ್ಕಿಕೊಂಡವನು. ಮೇಲೆ ಮಾಲು ಕೊಂಡ ಕಂಪನಿ ನನಗೆ ಬಿಲ್ಲಿನ ದುಡ್ಡು ಕೊಡಬೇಕು, ಕೆಳಗೆ ಅಡ್ವಾನ್ಸ್ ತಗೊಂಡ ಕೆಲಸದ ಹುಡುಗ ಕೊಡಬೇಕು. ನಮ್ಮ ಕಡೆ ಬಾಕಿ ಉಳಿಸಿಕೊಂಡವರೇ ರಾಜನ ಗತ್ತಿನಲ್ಲಿರುತ್ತಾರೆ.

ಮಾರ್ಚ್ 11, ಸೋಮವಾರ

ಸಿಎನ್‌ಸಿ ಆಪರೇಟರ್ ಹುಡುಗ ವಾಪಸು ಬಂದ. ಅಡ್ವಾನ್ಸ್ ತಗೊಂಡು ಹೇಳದೆ ಕೇಳದೆ ಹೋಗುವುದು ಅವನಿಗೆ ಹೊಸದಲ್ಲ. “ಊರಲ್ಲಿ ಬೋರ್ ಬತ್ತೋಯ್ತು ಅಣ್ಣ, ತಪ್ಪಾಯ್ತು.” ಹೋದ ಸಲ ಬೇರೆ ಕಾರಣ ಇತ್ತು. ಆದರೆ ಈ ಬರದಲ್ಲಿ ನಮ್ಮ ಶೆಡ್ಡಿಗೇ ಟ್ಯಾಂಕರ್ ನೀರು; ನಂಬಿದೆ. ದಿನಕ್ಕೆ ಏಳು ಸಲ ತಪ್ಪಾಯ್ತು ಅಂತ ಬಂದರೂ ಕ್ಷಮಿಸಬೇಕು ಅನ್ನುವುದು ಲೂಕನಲ್ಲಿದೆ. ಹಳೆಯ ಅಡ್ವಾನ್ಸ್ ಪುಸ್ತಕದಲ್ಲಿ ಹೊಡೆದುಹಾಕಿದೆ. ಹೊಸ ಅಡ್ವಾನ್ಸ್ ಮಾತ್ರ ಇಲ್ಲ. ಅದನ್ನು ಅವನ ಎದುರಿಗೇ ಹೇಳಿದೆ.

ಮಾರ್ಚ್ 20, ಬುಧವಾರ

ಬಾರದ ದುಡ್ಡಿಗೂ ಜಿಎಸ್‌ಟಿ ಕಟ್ಟಿದ ದಿನ. ಕಂಪನಿಯ ಪರ್ಚೇಸ್‌ನವರ ಫೋನ್, ಪೇಮೆಂಟ್ ವಿಷಯಕ್ಕಲ್ಲ. ಆದಾಯ ತೆರಿಗೆಯ 43ಬಿ(ಎಚ್) ಈ ವರ್ಷದ ಲೆಕ್ಕಕ್ಕೆ ಬಂದಿದೆ: ಸಣ್ಣ ಘಟಕದ ಬಿಲ್ಲು ಗಡುವು (ಹೆಚ್ಚೆಂದರೆ 45 ದಿನ) ಮೀರಿ ಬಾಕಿ ಉಳಿದರೆ, ಕೊಂಡವರು ಅದನ್ನು ದುಡ್ಡು ಕೊಟ್ಟ ವರ್ಷದಲ್ಲಷ್ಟೇ ಖರ್ಚು ತೋರಿಸಬಹುದು. ಅದರಿಂದ ಜಾರಿಕೊಳ್ಳಲು ಅವರ ಉಪಾಯ: “ಸಣ್ಣ ಘಟಕ ಅಂತ ಇರೋ ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿಬಿಡಿ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.” ಪ್ರತಿ ಸಲವೂ ಅಡ್ಜಸ್ಟ್. ತಪ್ಪಾಯ್ತು ಅನ್ನುವ ಮಾತು ಒಮ್ಮೆಯೂ ಇಲ್ಲ.

“ಹುಡುಗನಿಗೆ ಬಿಟ್ರಿ, ಇವರಿಗೂ ಬಿಡಿ. ತಪಸ್ಸುಕಾಲ ಅಲ್ವಾ?” ಎಂದು ಮನೆಯವಳು ಚುಚ್ಚಿದಳು. ಪೇತ್ರನ ಪ್ರಶ್ನೆಗೆ ಮುಂಚೆ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ, ಪ್ರಬೋಧನೆಯಲ್ಲಿ ಅಷ್ಟಾಗಿ ಕಿವಿಗೆ ಬೀಳದ ಮಾತು: ತಪ್ಪು ಮಾಡಿದವನಿಗೆ ಮೊದಲು ಒಬ್ಬನೇ ಹೋಗಿ ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಿ, ಆಮೇಲೆ ಸಭೆಯ ಮುಂದಿಡು. ಕ್ಷಮಿಸಲು ಹೇಳಿದವರೇ ಇದನ್ನೂ ಹೇಳಿದ್ದು. ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಗಂಡ ಗ್ರಹಾಂ ಸ್ಟೇನ್ಸ್‌ರನ್ನೂ ಇಬ್ಬರು ಗಂಡುಮಕ್ಕಳನ್ನೂ ಸುಟ್ಟವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ಶಿಕ್ಷೆಯ ವಿಷಯ ಬೇರೆ, ಅದು ಕಾನೂನಿಗೆ ಬಿಟ್ಟದ್ದು ಎಂಬ ನಿಲುವನ್ನೂ ಬಿಡಲಿಲ್ಲ. ಆ ತಾಯಿಯ ಪಕ್ಕ ನನ್ನ ಬಿಲ್ಲು ಇಡಲು ನಾಚಿಕೆ. ದಾರಿ ಮಾತ್ರ ಅದೇ ಅನ್ನಿಸುತ್ತದೆ.

ಮಾರ್ಚ್ 30, ಶನಿವಾರ

ನಾಳೆ ಈಸ್ಟರ್, ನಾಳೆಯೇ ಹಣಕಾಸು ವರ್ಷದ ಕೊನೆ. ಎಂಎಸ್‌ಎಂಇ ಸಮಾಧಾನ್ ಪೋರ್ಟಲ್‌ನಲ್ಲಿ ಕಂಪನಿಯ ಮೇಲೆ ಬಾಕಿಯ ದೂರು ಹಾಕಿಸಿದೆ. ಸಣ್ಣ ಉದ್ಯಮಗಳ 2006ರ ಕಾಯ್ದೆಯಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದಂತೆ. ಅದು ಬೇಡ, ಅಸಲು ಬಂದರೆ ಸಾಕು ಎಂದೆ.

ಆಡಿಟರ್ ನಕ್ಕರು. “ಇನ್ನು ಅವರು ನಿಮಗೆ ಆರ್ಡರ್ ಕೊಡ್ತಾರಾ ಸಾರ್?”

“ಕೊಟ್ಟರೆ ಮಾಡಿಕೊಡ್ತೀನಿ. ಅರ್ಧ ದುಡ್ಡು ಮುಂಚೆ.”