ಕೆಲಸ ಬಿಡದ ಕಾದಂಬರಿಕಾರ

ಕಾದಂಬರಿ ಬರೀಬೇಕು ಅಂದ್ರೆ ಕೆಲಸ ಬಿಡಲೇಬೇಕಾ? ಮೂವತ್ತರ ಹೊಸ್ತಿಲಲ್ಲಿ, ತಿಂಗಳಾ ತಿಂಗಳಾ ಇಎಂಐ ಕಟ್ಟುತ್ತಾ, ಎರಡು ವರ್ಷದಿಂದ ಇದೇ ಪ್ರಶ್ನೆ ನನ್ನ ತಲೆ ತಿನ್ನುತ್ತಿತ್ತು. ಉತ್ತರ ನಾನು ದಿನಾ ಓಡಾಡುವ ಬಳ್ಳಾರಿ ರಸ್ತೆಯ ಪಕ್ಕದಲ್ಲೇ ಇತ್ತು.

ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋದರೆ ಜಿಕೆವಿಕೆ ಸಿಗುತ್ತಲ್ಲ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು ಡಾ. ಕೆ.ಎನ್. ಗಣೇಶಯ್ಯ. ಜೀವವೈವಿಧ್ಯದ ಸಂಶೋಧನೆ ಮಾಡುತ್ತಲೇ ಥ್ರಿಲ್ಲರ್ ಬರೆದರು. ‘ಕನಕ ಮುಸುಕು’, ‘ಕರಿಸಿರಿಯಾನ’, ‘ಚಿತಾದಂತ’ ಓದಿದವರಿಗೆ ಗೊತ್ತು, ನಿದ್ದೆ ಕೆಡಿಸುತ್ತವೆ.

‘ಕನಕ ಮುಸುಕು’ ಹಿಂದೆ ನಿಜವಾದ ತಕರಾರೊಂದಿದೆ. ಸೋಮನಾಥಪುರದ 13ನೇ ಶತಮಾನದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ? ಆ ಬೆಳೆ ಅಮೆರಿಕ ಖಂಡದ್ದು. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದೇ 1492ರಲ್ಲಿ. 1989ರಲ್ಲಿ ಅಮೆರಿಕದ ಸಂಶೋಧಕರು ಹೌದು ಅಂದರು. 1993ರಲ್ಲಿ ಭಾರತದ ವಿಜ್ಞಾನಿಗಳು ಅಲ್ಲವೇ ಅಲ್ಲ ಅಂದರು. ವಿಜ್ಞಾನಿಗೆ ಅದು ವಾದ, ಕಾದಂಬರಿಕಾರನಿಗೆ ಕಥೆಯ ಬೀಜ. ಕಥೆ ಜೊತೆ ಆಧಾರಗಳ ಪಟ್ಟಿಯನ್ನೂ ಕೊಡ್ತಾರೆ, ಸಂಶೋಧನಾ ಲೇಖನ ಬರೆದ ಕೈ ತಾನೆ!

ಅವರಿಗೆ ಕೆಲಸ ಅಡ್ಡಿಯಾಗಲಿಲ್ಲ, ಕಥೆಯ ಗಣಿಯಾಯಿತು.

ನನ್ನ ಹತ್ರ ಹೊಯ್ಸಳರ ತೆನೆ ಇಲ್ಲ. ಆದರೆ ಎಂಟು ವರ್ಷದಿಂದ ಕಾರ್ಡ್ ವಂಚನೆ ಹಿಡಿಯುವ ಕೋಡ್ ಬರೀತಿದೀನಿ. ಒಂದೇ ಕಾರ್ಡನ್ನು ಹತ್ತು ನಿಮಿಷದಲ್ಲಿ ಎರಡು ಊರಲ್ಲಿ ಉಜ್ಜಿದವನು ಯಾರು? ಪತ್ತೇದಾರಿ ಕಥೆ ನನ್ನ ಲ್ಯಾಪ್‌ಟಾಪಿನಲ್ಲೇ ಕೂತಿತ್ತು.

ರಾಜೀನಾಮೆ ಪತ್ರ ಇನ್ನೂ ಡ್ರಾಫ್ಟ್‌ನಲ್ಲೇ ಇದೆ. ಮೊದಲ ಅಧ್ಯಾಯ ಮಾತ್ರ ಮುಗೀತು.