ತೆರೆಯಾಚೆಯ ವಿದ್ಯಾರ್ಥಿ

ಇಪ್ಪತ್ತೆರಡು ವರ್ಷ ಕರಿಹಲಗೆಯ ಮುಂದೆ ನಿಂತು ಗಣಿತವನ್ನು ಹೇಳಿಕೊಟ್ಟ ನನಗೆ, ಪಾಠ ಹೇಳುವುದು ಬಾಯಿಂದ ಮಾತ್ರವಲ್ಲ, ಕಣ್ಣಿನಿಂದಲೂ ಹೌದೆಂಬುದು 2020ನೆಯ ಇಸವಿಯವರೆಗೆ ತಿಳಿದಿರಲಿಲ್ಲ. ಆ ವರ್ಷ ಮಾರ್ಚಿ ತಿಂಗಳಲ್ಲಿ ಸಾಂಕ್ರಾಮಿಕದ ದೆಸೆಯಿಂದ ಕಾಲೇಜಿನ ಬಾಗಿಲು ಮುಚ್ಚಿತು. ನಡುಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಕಲನಶಾಸ್ತ್ರವನ್ನು ಬೋಧಿಸತೊಡಗಿದೆನು. ತೆರೆಯ ಮೇಲೆ ಅರುವತ್ತು ಕಪ್ಪು ಚೌಕಗಳು. ಒಂದೊಂದರಲ್ಲಿಯೂ ಒಂದು ಹೆಸರು. ಮುಖ ಮಾತ್ರ ಒಂದೂ ಇಲ್ಲ. "ತಿಳಿಯಿತೆ?" ಎಂದು ಕೇಳುವೆನು. ಯಾರೂ ಮಾತನಾಡರು. ಮೌನವೇ ಸಮ್ಮತಿಯೆಂದು ಬಗೆದು ಮುಂದಿನ ಪ್ರಮೇಯಕ್ಕೆ ಹೋಗುವೆನು.

ಆ ಮೌನದ ಅರ್ಥ ಪರೀಕ್ಷೆಯ ಹೊತ್ತಿಗೆ ಹೊರಬಿತ್ತು. ಹಾಜರಿಯಲ್ಲಿ ಒಂದು ದಿನವೂ ತಪ್ಪದಿದ್ದ ಹುಡುಗಿಯೊಬ್ಬಳ ಉತ್ತರಪತ್ರಿಕೆ ಬರಲೇ ಇಲ್ಲ. ದೂರವಾಣಿಯಲ್ಲಿ ವಿಚಾರಿಸಿದೆನು. "ಲಿಮಿಟ್ ಎಂಬ ಮೊದಲನೆಯ ಪಾಠವೇ ತಿಳಿಯಲಿಲ್ಲ, ಸಾರ್. ಎಲ್ಲರೂ ಸುಮ್ಮನಿದ್ದರು. ನನಗೊಬ್ಬಳಿಗೇ ತಿಳಿದಿಲ್ಲವೇನೋ ಎಂದುಕೊಂಡೆ" ಎಂದಳು. ಕೊಠಡಿಯಲ್ಲಾಗಿದ್ದರೆ ಆಕೆಯ ಹುಬ್ಬು ಗಂಟಿಕ್ಕಿದುದನ್ನು ಕಂಡು ನಾನೇ ನಿಲ್ಲುತ್ತಿದ್ದೆನು. ಆ ವರ್ಷ ಆಕೆ ಗಣಿತವನ್ನೇ ಬಿಟ್ಟಳು. ಆ ನಷ್ಟದಲ್ಲಿ ನನ್ನ ಪಾಲು ಅಲ್ಪವಲ್ಲ.

ದೂರವಿದ್ದು ಕಲಿಸುವುದು ಹೊಸ ಮಾತೇನೂ ಅಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಪೆನ್ನಿ ಅಂಚೆ ಬಂದೊಡನೆ ಐಸಾಕ್ ಪಿಟ್‌ಮನ್ ಎಂಬಾತನು ಅಂಚೆಯ ಮೂಲಕ ಶೀಘ್ರಲಿಪಿಯನ್ನು ಕಲಿಸತೊಡಗಿದನು. ವಿದ್ಯಾರ್ಥಿಗಳು ಬರೆದು ಕಳುಹಿಸಿದುದನ್ನು ತಿದ್ದಿ ಹಿಂದಿರುಗಿಸುವುದು ಆತನ ಕ್ರಮದ ಜೀವಾಳ. ನಾನಾದರೋ ಪಾಠವನ್ನು ಕಳುಹಿಸುತ್ತಿದ್ದೆನು. ಮರುಟಪಾಲಿಗೆ ದಾರಿಯನ್ನೇ ಇಟ್ಟಿರಲಿಲ್ಲ.

ದೂರಶಿಕ್ಷಣದ ವಿದ್ವಾಂಸರಾದ ಮೈಕೇಲ್ ಮೂರ್ ಅವರು 1989ರಲ್ಲಿ ಕಲಿಯುವವನ ಸಂಪರ್ಕವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಪಾಠ್ಯವಸ್ತುವಿನೊಡನೆ, ಗುರುವಿನೊಡನೆ, ಸಹಪಾಠಿಗಳೊಡನೆ. ಕೊಠಡಿಯಲ್ಲಿ ಕಡೆಯ ಎರಡು ಬಹುಮಟ್ಟಿಗೆ ತಾವಾಗಿ ಒದಗುತ್ತವೆ. ತೆರೆಯ ಮೇಲೆ ಅವುಗಳಿಗೆ ಮೊದಲೇ ಎಡೆ ಮಾಡಿಡದಿದ್ದರೆ ಅವು ಹುಟ್ಟುವುದಿಲ್ಲ.

ಮುಂದಿನ ವರ್ಷ ಕ್ರಮವನ್ನು ಬದಲಿಸಿದೆನು. "ತಿಳಿಯಿತೆ?" ಎಂಬ ಪ್ರಶ್ನೆಯನ್ನು ಕೈಬಿಟ್ಟೆನು. ಅದರ ಬದಲು ಪುಟ್ಟ ಲೆಕ್ಕವೊಂದನ್ನು ಕೊಟ್ಟು, ಉತ್ತರವನ್ನು ನನಗೊಬ್ಬನಿಗೇ ಕಾಣುವಂತೆ ಬರೆದು ಕಳುಹಿಸಲು ಹೇಳಿ, ಬಾಯಿ ಮುಚ್ಚಿ ಕಾದೆನು. ಕಾಯುವುದು ಕಷ್ಟ. ಪ್ರಶ್ನೆ ಕೇಳಿದ ಉಪಾಧ್ಯಾಯರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ಬೆಳೆಯುತ್ತವೆಂದೂ ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿಯು 1970ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದರು. ಮುಖ ಕಾಣದೆಡೆಯಲ್ಲಿ ಮೂರು ಸೆಕೆಂಡೂ ಸಾಲದು. ನಾನು ಎರಡು ನಿಮಿಷ ಕಾಯುತ್ತಿದ್ದೆನು.

ಶುಕ್ರವಾರದಂದು ಪ್ರತಿಯೊಬ್ಬರೂ ತಮಗೆ ತಿಳಿಯದುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಸೋಮವಾರದೊಳಗೆ ಹೆಸರು ಹಿಡಿದು ನಾನು ಉತ್ತರಿಸಬೇಕು. ಐದೈದು ಮಂದಿಯ ಗುಂಪುಗಳಲ್ಲಿ ಅವರು ತಮ್ಮೊಳಗೇ ಲೆಕ್ಕ ಬಿಡಿಸಬೇಕು. ಅರುವತ್ತು ಉತ್ತರಗಳಿಗೆ ಹೊತ್ತು ಎಲ್ಲಿಂದ ತರುವುದು? ನನ್ನ ಉಪನ್ಯಾಸದಿಂದಲೇ ಕತ್ತರಿಸಬೇಕಾಯಿತು. ಒಂದು ಗಂಟೆಯ ಮಾತು ಇಪ್ಪತ್ತು ನಿಮಿಷಕ್ಕೆ ಇಳಿಯಿತು. ನನ್ನ ವಾಗ್ವೈಖರಿಗೆ ಅದರಿಂದ ನೋವಾದುದು ನಿಜ. ಆದರೆ ಗುರುಶಿಷ್ಯರ ಸಂವಾದವನ್ನು ಯೋಜಿಸುವುದೆಂದರೆ ಮುಖ್ಯವಾಗಿ ಗುರುವು ತನ್ನ ಮಾತಿನಲ್ಲಿ ಎಷ್ಟನ್ನು ಬಿಟ್ಟುಕೊಡಬೇಕೆಂಬುದನ್ನು ನಿಶ್ಚಯಿಸುವುದೇ ಎಂದು ಆಗ ಮನಗಂಡೆನು. ಅರುವತ್ತರ ಬದಲು ಆರು ಸಾವಿರ ಮಂದಿಯಿದ್ದರೆ ಒಬ್ಬನಿಂದ ಇದು ಆಗದ ಕೆಲಸ. ಅಂಥಲ್ಲಿ ಉತ್ತರಿಸುವವರನ್ನು ಹೆಚ್ಚಿಸಬೇಕೇ ಹೊರತು ಉತ್ತರವನ್ನೇ ನಿಲ್ಲಿಸಬಾರದು.

ಈಗ ಮತ್ತೆ ಕರಿಹಲಗೆಯ ಮುಂದೆ ನಿಂತಿದ್ದೇನೆ, ಮುಖಗಳು ಕಾಣುತ್ತಿವೆ. ಆದರೂ ಶುಕ್ರವಾರದ ಚೀಟಿಯನ್ನು ಬಿಟ್ಟಿಲ್ಲ. ಮೊದಲ ವಾರದ ಚೀಟಿಗಳಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬನು, "ಲಿಮಿಟ್ ತಿಳಿಯಲಿಲ್ಲ" ಎಂದು ಬರೆದಿದ್ದನು. ದಿನವೂ ನನ್ನ ಮುಖ ನೋಡಿ ತಲೆಯಾಡಿಸುತ್ತಿದ್ದವನು ಆತನೇ.